ಸೂಜಿ ಹಾಕದ ಡಾಕ್ಟರು

ನಮ್ಮೂರಲ್ಲಿ ಯಾರಿಗಾದರೂ ಜ್ವರ ಬಂದರೆ ಮೊದಲು ಹೋಗುತ್ತಿದ್ದುದು ಆಸ್ಪತ್ರೆಗಲ್ಲ, ಶಿವನಂಜಮ್ಮನ ಜಗಲಿಗೆ. ಯಳಂದೂರಿನಲ್ಲಿ ಯಾವ ಡಾಕ್ಟರು, ಕೊಳ್ಳೇಗಾಲದಲ್ಲಿ ಯಾವ ಡಾಕ್ಟರು, ಯಾರ ಕೈಗುಣ ಯಾವ ಕಾಯಿಲೆಗೆ ಎಂದು ಅವಳು ಹೇಳಿದ್ದೇ ತೀರ್ಪು. ಎರಡಕ್ಷರ ಓದಿದವಳಲ್ಲ. ಆದರೆ ಹೆರಿಗೆಗೆ, ಮಕ್ಕಳ ಭೇದಿಗೆ, ಮೂಳೆ ಮುರಿದದ್ದಕ್ಕೆ ಊರವರನ್ನು ಆಟೋದಲ್ಲಿ ಕೂರಿಸಿಕೊಂಡು ಹೊನ್ನೂರು ದಾಟಿ ಓಡಾಡಿದವಳು. ಯಾರಿಂದಲೂ ಒಂದು ಲೋಟ ಕಾಫಿ ಬಯಸಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನದನ್ನು ಓದಿ ಯಾರೂ ಅವಳನ್ನು ಕೆಟ್ಟವಳು ಅನ್ನಬಾರದು.

ಅವಳ ಪರೀಕ್ಷೆ ಸುಲಭದ್ದು. ಡಾಕ್ಟರು ಸೂಜಿ ಹಾಕಬೇಕು. ಸುಸ್ತು ಅಂದರೆ ಗ್ಲೂಕೋಸ್ ಬಾಟಲಿ ಏರಿಸಬೇಕು. ಬರೀ ಮಾತ್ರೆ ಕೊಟ್ಟು ಕಳಿಸಿದವರು ಫೇಲು. ನಗಬೇಡಿ, ಊರೆಲ್ಲ ಹಾಗೇ ಅಂದುಕೊಂಡಿತ್ತು. ಮೂವತ್ತು ವರ್ಷ ಅಂಚೆ ಕಚೇರಿಯಲ್ಲಿ ಕೂತು ಸವೆದ ನಾನೂ ಹಾಗೇ ಅಂದುಕೊಂಡಿದ್ದೆ.

ಮೂರು ವರ್ಷದ ಹಿಂದೆ ನಮ್ಮ ಸರ್ಕಾರಿ ಆಸ್ಪತ್ರೆಗೆ ಮಾಲಿನಿ ಎಂಬ ಡಾಕ್ಟರು ಬಂದರು. ಶಿವನಂಜಮ್ಮ ಮಂಡಿನೋವೆಂದು ಹೋದಳು, ಜೊತೆಗೆ ಗಂಡ ಸಿದ್ದಮಲ್ಲಪ್ಪ. ಡಾಕ್ಟರು ನಿಧಾನವಾಗಿ ಎಲ್ಲ ಕೇಳಿ, ಸೂಜಿ ಬೇಡ, ತೂಕ ಇಳಿಸಿ, ದಿನಾ ಹೀಗೆ ಕಾಲು ಎತ್ತಿ ಇಳಿಸಿ ಎಂದು ತೋರಿಸಿಕೊಟ್ಟರು. ಆಮೇಲೆ ಸುಮ್ಮನೆ ಕೂತಿದ್ದ ಸಿದ್ದಮಲ್ಲಪ್ಪನ ತೋಳಿಗೆ ಪಟ್ಟಿ ಸುತ್ತಿ ನೋಡಿ, ಬಿಪಿ ಬಹಳ ಇದೆ, ದಿನಕ್ಕೊಂದು ಮಾತ್ರೆ, ಬಿಡುವ ಹಾಗಿಲ್ಲ ಎಂದರು.

ಶಿವನಂಜಮ್ಮ ಸೀದಾ ನನ್ನ ಮನೆಗೆ ಬಂದಳು.

“ನೋವಿರೋಳ್ಗೆ ಉಪದೇಶ, ನೋವಿಲ್ದೋರ್ಗೆ ಮಾತ್ರೆ! ಇದ್ಯಾವ ಸೀಮೆ ಡಾಕ್ಟ್ರು ಕಣಣ್ಣ? ಒಂದು ಅರ್ಜಿ ಬರ್ಕೊಡು.”

ಬರೆದುಕೊಟ್ಟೆ. ‘ರೋಗಿಗಳಿಗೆ ಸರಿಯಾದ ಚಿಕಿತ್ಸೆ ನೀಡುತ್ತಿಲ್ಲ, ಬೇರೆ ವೈದ್ಯರನ್ನು ಕಳುಹಿಸಿಕೊಡಿ’ ಎಂದು, ಚೆಂದದ ಅಕ್ಷರದಲ್ಲಿ. ಅವಳು ಮನೆಮನೆ ತಿರುಗಿ ಸಹಿ, ಹೆಬ್ಬೆಟ್ಟು ಹಾಕಿಸಿದಳು. ಸಿದ್ದಮಲ್ಲಪ್ಪ ಮಾತ್ರ, “ಪಾಪ, ಆ ಮಗೀಗೆ ಯಾಕಮ್ಮಿ ತೊಂದ್ರೆ” ಎಂದ. ಆಮೇಲೆ ಅವನೂ ಸಹಿ ಹಾಕಿದ. ಹೆಂಡತಿಯ ಮಾತು ಮೀರುವ ಆಸಾಮಿಯಲ್ಲ.

ನಾಲ್ಕು ತಿಂಗಳಿಗೆ ಮಾಲಿನಿಯವರಿಗೆ ವರ್ಗವಾಯಿತು. ಅರ್ಜಿಯಿಂದಲೋ ಬೇರೆ ಕಾರಣಕ್ಕೋ ಗೊತ್ತಿಲ್ಲ. ನಾವಂತೂ ಗೆದ್ದೆವು ಅಂದುಕೊಂಡೆವು. ಅವರ ಜಾಗಕ್ಕೆ ಯಾರೂ ಬರಲಿಲ್ಲ. ಅಷ್ಟರಲ್ಲಿ ಬಸ್ ಸ್ಟಾಪಿನ ಹತ್ತಿರ ಒಬ್ಬ ಕ್ಲಿನಿಕ್ ತೆರೆದ. ಹೋದವರಿಗೆಲ್ಲ ಸೂಜಿ. ಶಿವನಂಜಮ್ಮ ಅವನನ್ನು ಪಾಸು ಮಾಡಿದಳು. ಗಂಡನ ಬಿಪಿ ಮಾತ್ರೆಯನ್ನೂ ತಾನೇ ನಿಲ್ಲಿಸಿದಳು. “ಗುಂಡ್ಕಲ್ಲಂಗವ್ರೆ, ಇವ್ರಿಗ್ಯಾಕೆ” ಅಂದಳು.

ಕಳೆದ ವರ್ಷ ಭತ್ತದ ನಾಟಿ ನಡೆಯುವಾಗ, ಬೆಳಿಗ್ಗೆ ಹತ್ತರ ಸುಮಾರಿಗೆ ಸಿದ್ದಮಲ್ಲಪ್ಪ ಬದುವಿನ ಮೇಲೆ ಕುಸಿದ. ಬಲಗೈ ಎತ್ತಲಾಗಲಿಲ್ಲ, ಮಾತು ತೊದಲಿತು. ಅವನನ್ನು ಹತ್ತಿಸಿಕೊಂಡ ಆಟೋದ ಮೂರ್ತಿ, “ಅಮ್ಮ, ಸೀದಾ ಚಾಮರಾಜನಗರದ ದೊಡ್ಡಾಸ್ಪತ್ರೆಗೇ ಓಗ್ಬುಡವ” ಎಂದ.

“ಬ್ಯಾಡ, ಬಸ್ ಸ್ಟಾಪಿನವ್ನ ಕೈಗುಣ ಚೆಂದಾಗದೆ. ಒಂದು ಬಾಟ್ಲಿ ಆಕುದ್ರೆ ಸರೋಯ್ತರೆ.”

ನಾನೂ ಆಟೋದಲ್ಲಿದ್ದೆ. ಕ್ಲಿನಿಕ್ಕಿನ ಮುಂದೆ ಸಿದ್ದಮಲ್ಲಪ್ಪನನ್ನು ತೋಳು ಹಿಡಿದು ಇಳಿಸಿದ್ದು ನಾನೇ.

ಕ್ಲಿನಿಕ್ಕಿನವನು ನೋಡಿ ನಿಶ್ಶಕ್ತಿ ಎಂದ. ಸೂಜಿ ಹಾಕಿದ, ಬಾಟಲಿ ಏರಿಸಿದ. ಎರಡನೇ ಬಾಟಲಿ ಮುಗಿಯುವ ಹೊತ್ತಿಗೆ ಮಧ್ಯಾಹ್ನ ಮೂರು ದಾಟಿತ್ತು, ಸಿದ್ದಮಲ್ಲಪ್ಪನ ಬಾಯಿ ಸೊಟ್ಟಗಾಗಿತ್ತು. ಆಗ ಓಡಿದೆವು. ದೊಡ್ಡಾಸ್ಪತ್ರೆಯ ಡಾಕ್ಟರು ನೋಡಿ, ಲಕ್ವ ಹೊಡೆದಿದೆ, ಬೆಳಿಗ್ಗೆಯೇ ಬಂದಿದ್ದರೆ ಏನಾದರೂ ಮಾಡಬಹುದಿತ್ತು ಎಂದರು. ಬಿಪಿ ಮಾತ್ರೆ ನಿಲ್ಲಿಸಿದ್ದು ಯಾರು ಎಂದು ಕೇಳಿದರು.

“ನಾನೇ ಸಾ” ಎಂದಳು ಶಿವನಂಜಮ್ಮ. ಬೇರೆ ಯಾರ ಹೆಸರನ್ನೂ ಎತ್ತಲಿಲ್ಲ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಆ ಅರ್ಜಿ ಬರೆದ ಕೈಯಲ್ಲಿ ಉಣ್ಣುವಾಗ ನನಗೆ ಈಗಲೂ ಹೇಸಿಗೆಯಾಗುತ್ತದೆ. ಸಿದ್ದಮಲ್ಲಪ್ಪ ಅಂದಿನಿಂದ ಮಂಚದ ಮೇಲಿದ್ದಾನೆ. ಅವಳು ಉಣ್ಣಿಸುತ್ತಾಳೆ, ಮೈ ಒರೆಸುತ್ತಾಳೆ, ಮಗ್ಗುಲು ತಿರುಗಿಸುತ್ತಾಳೆ. ಡಾಕ್ಟರ ವಿಷಯ ಕೇಳಿಕೊಂಡು ಜಗಲಿಗೆ ಬಂದವರನ್ನು ಹಾಗೇ ವಾಪಸ್ ಕಳಿಸುತ್ತಾಳೆ.

ಹೋದ ತಿಂಗಳು ಒಬ್ಬಳು ಹುಡುಗಿ ಟ್ಯಾಬ್ ಹಿಡಿದು ಮನೆಮನೆಗೆ ಬಂದಳು, ಸರ್ಕಾರಿ ಆಸ್ಪತ್ರೆಯ ಸೇವೆ ಹೇಗಿದೆ ಎಂದು ಕೇಳುವ ಸರ್ವೆಯವಳು. ಅವಳು ಶಿವನಂಜಮ್ಮನ ಜಗಲಿಗೆ ಬಂದಾಗ ನಾನೂ ಅಲ್ಲೇ ಕೂತಿದ್ದೆ.

“ಐದಕ್ಕೆ ಎಷ್ಟು ಅಂಕ ಕೊಡ್ತೀರಮ್ಮ?”

“ನಾನು ಕೊಟ್ಟಿದ್ದು ಸಾಕು ಕಣವ್ವ. ಒಳ್ಗೆ ನಮ್ಮೆಜಮಾನ್ರವ್ರೆ, ಅವ್ರ ಕೇಳು.”

ಏನೂ ತಿಳಿಯದ ಹುಡುಗಿ ಒಳಗೆ ಹೋಗಿ ಕೇಳಿದಳು, ನಾವೂ ಹಿಂದೆಯೇ ಹೋದೆವು. ಸಿದ್ದಮಲ್ಲಪ್ಪ ಕಣ್ಣರಳಿಸಿ ಬಾಯಿ ತೆರೆದ. ಗಂಟಲಿಂದ ಏನೋ ಸದ್ದು ಬಂತು, ಅದರ ಹಿಂದೆ ಜೊಲ್ಲು. ಹುಡುಗಿ ಹೆದರಿ ನನ್ನ ಮುಖ ನೋಡಿದಳು. ಶಿವನಂಜಮ್ಮ ಸೆರಗಿನಿಂದ ಗಂಡನ ಬಾಯಿ ಒರೆಸಿದಳು.

“ಎಷ್ಟು ಅಂತ ಇನ್ನೊಂದ್ಸಲ ಏಳಿ,” ಎಂದಳು ಅವನಿಗೆ, “ಮಗು ಬರ್ಕೋತದೆ.”