ಇಲಿಯೋ ಹುಲಿಯೋ? ಪಿಯುನ್ ಅಕ್ಕ ಕೇಳುವ ಪ್ರಶ್ನೆ

ಶನಿವಾರ ಬೆಳಗಿನ ಐದೂವರೆ. ಜಿಯಾಯಿ ಪಟ್ಟಣದ ಹಳೆಯ ಆಸ್ಪತ್ರೆಯೊಂದರ ಮೂರನೇ ಮಹಡಿ, ಔಷಧಿ ದಾಸ್ತಾನಿನ ಹಿಂದಿನ ಕೋಣೆ. ಕೋ ಪಿಯುನ್ ಎಂಬುವವರು ಕಂಪ್ಯೂಟರ್ ಕಪಾಟಿನ ಮೇಲಿದ್ದ ಜೋಳದ ತಿಂಡಿಯ ಹಸಿರು ಪೊಟ್ಟಣ ತೆಗೆದು ಹೊಸದೊಂದನ್ನು ಇಡುತ್ತಿದ್ದಾರೆ. ಪೊಟ್ಟಣ ಹಸಿರೇ ಆಗಿರಬೇಕು, ಅವಧಿ ಮೀರಿರಬಾರದು. ತಪ್ಪಿದರೆ ಯಂತ್ರ ಮುನಿಯುತ್ತದೆ ಎಂಬುದು ಇಲ್ಲಿನ ವಾಡಿಕೆಯ ಮಾತು.

"ನಂಬಿಕೆ ಗಿಂಬಿಕೆ ಏನಿಲ್ಲ. ಆದ್ರೆ ಇಡದೇ ಇರೋ ಧೈರ್ಯ ಇಡೀ ಆಸ್ಪತ್ರೇಲಿ ಯಾರಿಗೂ ಇಲ್ಲ" ಎನ್ನುತ್ತಾ ಅವರು ಕುರ್ಚಿಗೆ ಒರಗುತ್ತಾರೆ. ಕತ್ತಿನ ಹಿಂದೆ ಎರಡು ನೋವಿನ ಪಟ್ಟಿ. ಮೇಜಿನ ಮೇಲೆ ತಣ್ಣಗಾದ ಮೂಲಂಗಿ ಹಿಟ್ಟಿನ ಕಡುಬು. ತಿನ್ನಲು ಮನಸ್ಸಿಲ್ಲ, ಬಿಸಾಡಲೂ ಮನಸ್ಸಿಲ್ಲ.

ಪಿಯುನ್‌ಗೆ ಅರವತ್ಮೂರು. ವರ್ಷವರ್ಷವೂ ನವೀಕರಿಸುವ ಗುತ್ತಿಗೆಯ ಮೇಲೆ ಹತ್ತೊಂಬತ್ತು ವರ್ಷ ಇದೇ ಕೋಣೆಯಲ್ಲಿ ಸವೆದಿದ್ದಾರೆ. ಯಂತ್ರ ಕೆಟ್ಟರೆ ಮಾತ್ರ ಜನರಿಗೆ ಇವರ ನೆನಪಾಗುತ್ತದೆ, ಕೆಡದಂತೆ ನೋಡಿಕೊಂಡ ದಿನಗಳಿಗೆ ಲೆಕ್ಕವಿಲ್ಲ.

ಅವರ ಕೆಲಸವನ್ನು ಒಂದು ಮಾತಿನಲ್ಲಿ ಹೇಳುವುದು ಕಷ್ಟ. ಆಸ್ಪತ್ರೆಯ ಹಳೆಯ ಪ್ರೋಗ್ರಾಂ ಬರೆದ ಎಂಜಿನಿಯರಿಗೆ ಯಂತ್ರ ಕೊಡುವ ಸಾದಾ ಬಗೆಗಳು, ಅಂದರೆ ಪಠ್ಯ, ಅಂಕಿ, ತಾರೀಖು, ಸಾಲಲಿಲ್ಲ. 'ಜನ್ಮದಿನ' ಎಂದು ತಮ್ಮದೇ ಹೊಸ ಬಗೆ, ಅವರ ಭಾಷೆಯಲ್ಲಿ ಕ್ಲಾಸ್, ಮಾಡಿಕೊಂಡರು. ಒಳಗೆ ಯಾವ ಕಾಲದ ಎಣಿಕೆ, ಎಷ್ಟನೇ ವರ್ಷ, ಸೂರ್ಯಮಾನವೋ ಚಾಂದ್ರಮಾನವೋ, ಹನ್ನೆರಡು ವರ್ಷದ ಸುತ್ತಿನಲ್ಲಿ ಹುಟ್ಟಿದ ವರ್ಷದ ಪ್ರಾಣಿ ಯಾವುದು, ಎಲ್ಲಕ್ಕೂ ಒಂದೊಂದು ಗೂಡು. 'ತೂಕ' ಎಂಬುದು ಇನ್ನೊಂದು. ಹೀಗೆ ಇನ್ನೂರ ಮೂವತ್ತಾರು. ಈಗ ಬರುತ್ತಿರುವ ಹೊಸ ವ್ಯವಸ್ಥೆಗೆ ಇವ್ಯಾವುದರ ಗುರುತೂ ಇಲ್ಲ, ಅದಕ್ಕೆ ಸಾದಾ ಬಗೆಗಳೇ ಆಗಬೇಕು. ಆ ಒಂದೊಂದು ಕ್ಲಾಸೂ ಸಾದಾ ರೂಪಕ್ಕೆ ಹೇಗೆ ಇಳಿಯಬೇಕೆಂದು ಪ್ರೋಗ್ರಾಂ ಸಾಲು ಬರೆಯುವವರು ಪಿಯುನ್.

"ಒಳಗಿನವರಿಗೆ ಮನೆಮಾತು ಸಾಕು. ಹೊರಗೆ ಹೋಗೋವಾಗ ಹತ್ತು ಜನಕ್ಕೆ ಅರ್ಥ ಆಗೋ ಹಂಗೆ ಮಾತಾಡ್ಬೇಕಲ್ಲ, ಅದನ್ನ ಕಲಿಸ್ತೀನಿ ಅಷ್ಟೇ."

ಒಂದು ಬಗೆಯನ್ನು ಇನ್ನೊಂದಕ್ಕೆ ಕೇಳದೆ ತಾನೇ ಬದಲಾಯಿಸಿಕೊಳ್ಳುವ ಸವಲತ್ತು ಯಂತ್ರಕ್ಕಿದೆ. ಪಿಯುನ್ ಅದನ್ನು ಮುಟ್ಟುವುದಿಲ್ಲ. ಒಮ್ಮೆ ಒಂದು ಕೂಸಿನ ತೂಕವನ್ನು ಅಜ್ಜಿಯೊಬ್ಬರು ಸಂತೆಯ ಲೆಕ್ಕದಲ್ಲಿ, ಆರುನೂರು ಗ್ರಾಮಿನ ಜಿನ್‌ನಲ್ಲಿ ಹೇಳಿದ್ದರು. ಯಂತ್ರ ಯಾರನ್ನೂ ಕೇಳದೆ ಅದನ್ನು ಕಿಲೋ ಅಂದುಕೊಂಡಿತು, ಮದ್ದಿನ ಅಳತೆ ಹೆಚ್ಚಾಯಿತು. ಔಷಧಿ ಕೊಡುವಾಕೆ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡಿದ್ದರಿಂದ ಕೂಸು ಉಳಿಯಿತು. ಅಂದಿನಿಂದ ಪ್ರತಿ ಬದಲಾವಣೆಯನ್ನೂ ಪಿಯುನ್ ಸಾಲಿನಲ್ಲಿ ಬಿಡಿಸಿ ಬರೆಯುತ್ತಾರೆ. ಸಾಲು ಉದ್ದವಾಗುತ್ತದೆ, ಕೆಲಸ ತಡವಾಗುತ್ತದೆ, ಮೇಲಿನವರ ಮುಖ ಸಣ್ಣದಾಗುತ್ತದೆ.

ಹೊಸ ವ್ಯವಸ್ಥೆ ಸೋಮವಾರ ಎಂಟಕ್ಕೆ ಶುರು. ಒಂದೂ ಮುಕ್ಕಾಲು ಲಕ್ಷ ಜನ್ಮದಿನಗಳು ಇಳಿದಿವೆ. ಕಾಲದ ಗೂಡು ಖಾಲಿ ಇದ್ದವು ನಾನೂರ ಹನ್ನೆರಡು. ಹಳೆಯ ಕಾಗದದಲ್ಲಿ '13' ಎಂದಷ್ಟೇ ಬರೆದಿದ್ದರೆ ಅದು 1912ರಿಂದ ಎಣಿಸುವ ಗಣರಾಜ್ಯದ ಹದಿಮೂರೋ, ಜಪಾನಿನವರ ಆಳ್ವಿಕೆಯಲ್ಲಿ 1926ರಿಂದ ಎಣಿಸಿದ ಶೋವಾ ಹದಿಮೂರೋ? ಮೊದಲನೆಯದು 1924, ಎರಡನೆಯದು 1938. ವಿಭಾಗದ ಮುಖ್ಯಸ್ಥ ಲೋ, ಎಲ್ಲಕ್ಕೂ ಗಣರಾಜ್ಯ ಅಂತ ಹಾಕಿ ಕೈತೊಳೆದುಕೊಳ್ಳಿ ಎಂದರು. ಪಿಯುನ್ ಒಪ್ಪಲಿಲ್ಲ. ಒಂದೊಂದು ಮನೆಗೂ ಫೋನ್ ಮಾಡಿ, ನೀವು ಯಾವ ಪ್ರಾಣಿಯ ವರ್ಷದವರು ಎಂದು ಕೇಳುತ್ತಾ ಬಂದಿದ್ದಾರೆ. ವರ್ಷ ಮರೆತ ಮುದುಕರೂ ಪ್ರಾಣಿ ಮರೆಯುವುದಿಲ್ಲ. 1924 ಇಲಿ, 1938 ಹುಲಿ.

"ಅಕ್ಕಾ, ಬೆಟ್ಟ ಅಗೆದು ಇಲಿ ಹಿಡೀತಾ ಇದೀರಲ್ಲ" ಎಂದು ಲೋ ಅಣಕಿಸಿದರಂತೆ. ಅರ್ಧದಷ್ಟು ಇಲಿಯೇ ಸಿಕ್ಕಿದ್ದು ನಿಜ ಎಂದು ಪಿಯುನ್ ಒಪ್ಪಿಕೊಳ್ಳುತ್ತಾರೆ.

ಇಂದು ಉಳಿದಿರುವುದು ಒಂದೇ ಒಂದು, ಒಬ್ಬ ಅಜ್ಜಿಯದು. ಆಕೆಯ ಹೆಸರನ್ನು ಪಿಯುನ್ ಬಾಯಿಬಿಡುವುದಿಲ್ಲ. ಸೋಮವಾರ ಬೆಳಿಗ್ಗೆಯೇ ಆಕೆಗೆ ಸೊಂಟದ ಶಸ್ತ್ರಚಿಕಿತ್ಸೆ. ಗುರುತಿನ ಚೀಟಿಯಲ್ಲಿ ಆಕೆ ಹುಟ್ಟಿದ್ದು 1937, ಎತ್ತಿನ ವರ್ಷ. ಆದರೆ ಅದೇ ಹೆಸರಿನ, ಅದೇ ಹಳ್ಳಿಯ ಇನ್ನೊಂದು ಕಡತವಿದೆ. ಅರವತ್ತು ವರ್ಷದ ಹಿಂದಿನ ಹೆರಿಗೆಯದು, ಹುಟ್ಟಿದ ವರ್ಷ ಬರೀ '13'. ಅದರ ಕೆಳಗೆ ಒಂದು ಟಿಪ್ಪಣಿ: ಪೆನಿಸಿಲಿನ್ ಸೂಜಿಗೆ ಉಸಿರು ನಿಂತಿತ್ತು. ಎರಡೂ ಒಬ್ಬಳೇ ಆದರೆ ಕಡತ ಕೂಡಬೇಕು. ಕೂಡದಿದ್ದರೆ ಸೋಮವಾರ ವೈದ್ಯರ ಪರದೆಯಲ್ಲಿ ಆ ಟಿಪ್ಪಣಿ ಇರುವುದಿಲ್ಲ. ಬೇರೆಯವಳಾಗಿದ್ದರೆ, ಇನ್ನೊಬ್ಬಳ ರೋಗವನ್ನು ಈಕೆಯ ತಲೆಗೆ ಕಟ್ಟಿದಂತೆ.

ಗುರುವಾರ ಕೇಳಿದಾಗ ಅಜ್ಜಿ ಎತ್ತು ಎಂದರು. ಶುಕ್ರವಾರ ಕೇಳಿದಾಗಲೂ ಎತ್ತು, ಸ್ವಲ್ಪ ಸಿಡುಕಿ. ಸೂಜಿಯಿಂದ ತೊಂದರೆಯಾಗಿತ್ತೇ ಎಂದರೆ, ಹಳೇ ಮಾತು ಯಾಕೆ ಎಂದು ಫೋನ್ ಇಟ್ಟರು. ಇಲಿಯೂ ಅಲ್ಲ, ಹುಲಿಯೂ ಅಲ್ಲ ಎಂದಮೇಲೆ ನಿಯಮದ ಪ್ರಕಾರ ಬೇರೆ ಹೆಂಗಸು. ಲೋ ಕೂಡ ಅದನ್ನೇ ಹೇಳಿದರು. ಪಿಯುನ್‌ಗೆ ನಿದ್ದೆ ಹತ್ತಲಿಲ್ಲ.

ಏಳು ಗಂಟೆಗೆ ಅವರು ಮೂರನೇ ಸಲ ಫೋನ್ ಮಾಡುತ್ತಾರೆ. ಅಜ್ಜಿಯ ಹಿಂದೆ ಟಿ.ವಿ. ಸದ್ದು, ಗಂಡನ ಕೆಮ್ಮು. ಈ ಸಲ ಪಿಯುನ್ ಏನನ್ನೂ ಕೇಳುವುದಿಲ್ಲ. ದನಿ ತಗ್ಗಿಸಿ ತಮ್ಮ ಮಾತನ್ನೇ ಹೇಳಿಕೊಳ್ಳುತ್ತಾರೆ.

"ಅಜ್ಜಿ, ನಾನು ಹುಲಿ ವರ್ಷದವಳು. ನಮ್ಮ ತಮ್ಮನ ಮದುವೆ ದಿನ, ಮದುಮಗಳಿಗೆ ಕಣ್ಣು ತಾಗುತ್ತೆ ಅಂತ ನನ್ನ ಒಳಗೇ ಬಿಡ್ಲಿಲ್ಲ. ಹಿತ್ತಲಲ್ಲಿ ಪಾತ್ರೆ ತೊಳೀತಾ ಕೂತಿದ್ದೆ."

ಆ ಕಡೆ ಚಪ್ಪಲಿ ಎಳೆಯುವ ಸದ್ದು, ಬಾಗಿಲು ಮುಚ್ಚಿದ ಸದ್ದು, ಆಮೇಲೆ ಕೋಳಿಗಳ ಸದ್ದು. ಅಜ್ಜಿ ಅಂಗಳಕ್ಕೆ ಬಂದಿದ್ದಾರೆ.

"ನಮ್ಮಪ್ಪ ಒಂದು ವರ್ಷ ಹಿಂದಕ್ಕೆ ಬರೆಸಿದ್ದ, ಮಗಳೇ. ಹುಲಿ ಅಂದ್ರೆ ಯಾರು ಮಾಡ್ಕೋತಿದ್ರು? ಹೆರಿಗೇಲಿ ಸಾಯ್ತೀನಿ ಅನ್ನಿಸ್ತು. ಸಾಯೋವಾಗ ಸುಳ್ಳು ಹೇಳ್ಬಾರ್ದು ಅಂತ ದಾದಿಗೆ ನಿಜ ಹೇಳ್ಬಿಟ್ಟೆ. ನಮ್ಮ ಮುದುಕನಿಗೆ ಇವತ್ತಿಗೂ ಗೊತ್ತಿಲ್ಲ."

ಪಿಯುನ್ ಕಣ್ಣೊರೆಸಿಕೊಂಡು ಕೀಲಿಮಣೆಗೆ ಕೈ ಹಾಕುತ್ತಾರೆ. ಎರಡೂ ಕಡತ ಕೂಡುತ್ತವೆ. ಚೀಟಿಯ ತಾರೀಖು ಹಾಗೇ ಉಳಿಯುತ್ತದೆ, ಪೆನಿಸಿಲಿನ್ ಎಂಬ ಪದ ಪರದೆಯ ನೆತ್ತಿಯಲ್ಲಿ ಕೆಂಪಾಗಿ ಮೂಡುತ್ತದೆ. ಫೋನ್ ಇನ್ನೂ ಇಟ್ಟಿಲ್ಲ. ಅಜ್ಜಿಗೆ ಒಂದೇ ಭಯ: ಹೊಸ ಮಿಷನ್ನಿನಲ್ಲಿ ಹುಲಿ ಅಂತ ಕಾಣುತ್ತಾ, ಮೊಮ್ಮಕ್ಕಳು ಓದಿಬಿಡ್ತಾರಾ?

"ಇಲ್ಲ ಅಜ್ಜಿ. ಹೊಸದರಲ್ಲಿ ಬರೀ ತಾರೀಖು. ಪ್ರಾಣಿಗೆ ಜಾಗಾನೇ ಇಲ್ಲ. ಅದು ಇಲ್ಲೇ, ನನ್ನ ಹತ್ರ ಉದುರಿಹೋಯ್ತು."

"ಹಂಗಾದ್ರೆ ಒಳ್ಳೇ ಮಿಷನ್ ಮಾಡಿದೀಯ ಬಿಡು."

ಮಿಷನ್ ತಮ್ಮದಲ್ಲ, ತಾವು ಬರೆದದ್ದು ನಡುವಿನ ನಾಲ್ಕು ಸಾಲು ಮಾತ್ರ ಎಂದು ಪಿಯುನ್ ತಿದ್ದಲು ಹೋಗುವುದಿಲ್ಲ. ಫೋನ್ ಇಟ್ಟು, ಕತ್ತಿನ ಪಟ್ಟಿ ಒತ್ತಿಕೊಳ್ಳುತ್ತಾ ಹೇಳುತ್ತಾರೆ: "ಹತ್ತೊಂಬತ್ತು ವರ್ಷದಲ್ಲಿ ನನ್ನ ಕೆಲಸ ಚೆನ್ನಾಗಿದೆ ಅಂದವರು ಇವರೊಬ್ರೇ. ಅದನ್ನ ಇಟ್ಕೋತೀನಿ."