ಕೆಂಪಣ್ಣನ ಬದು, ಸಣ್ಣಕ್ಕನ ಕೈಗುಣ

ಶಾಂತಿಗ್ರಾಮದ ಸುತ್ತಿನಲ್ಲಿ ಆಲೂಗೆಡ್ಡೆಯ ಮೊದಲ ಹೋಳನ್ನು ಸಣ್ಣಕ್ಕನೇ ನೆಡಬೇಕಿತ್ತು. ಕೂಲಿಯವಳೇ, ಆದರೆ ಆ ಒಂದು ದಿನ ಹೊಲದ ಯಜಮಾನ ಎಲೆ ಅಡಿಕೆ ಕೊಟ್ಟು ಕರೆದು ತರುತ್ತಿದ್ದ. ಕೈಗುಣ ಅಂಥದ್ದು. ಒಮ್ಮೆ ಅವಳು ನೆಟ್ಟ ಒಂದೇ ಗೆಡ್ಡೆಯನ್ನು ಎರಡು ಜೊತೆ ಎತ್ತು ಕಟ್ಟಿ ಎಳೆದದ್ದನ್ನು ನಾನೇ ಕಂಡಿದ್ದೇನೆ. ನಂಬದವರು ಒಂದು ಜೊತೆ ಎತ್ತನ್ನು ಬಿಚ್ಚಿಕೊಳ್ಳಬಹುದು.

ಬೀಜದ ಗೆಡ್ಡೆ ಸಿಮ್ಲಾ ಕಡೆಯಿಂದ ರೈಲಿನಲ್ಲಿ ಬರುತ್ತಿತ್ತು. ಹಿಮ ಕಂಡ ಗೆಡ್ಡೆ. ನಮ್ಮ ಬಿಸಿಲಿಗೆ ಚೀಲದೊಳಗೇ ಉಸ್ಸೆನ್ನುವುದು ಹಾಸನದವರೆಗೂ ಕೇಳಿಸುತ್ತಿತ್ತು. ಹೋಳಿಗೊಂದು ಮೊಳಕೆಯ ಕಣ್ಣು ಬರುವಂತೆ ಹೆಚ್ಚಿ, "ಇಲ್ಲೂ ತಂಪೈತೆ, ಮನಿಕ್ಕೊ" ಎಂದು ಸಣ್ಣಕ್ಕ ಮಣ್ಣು ಮುಚ್ಚುತ್ತಿದ್ದಳು.

ಊರಿಗೆಲ್ಲ ದೊಡ್ಡ ಹೊಲದ ಗೌಡ ಕೆಂಪಣ್ಣ. ಐವತ್ತೆಂಟನೇ ಇಸವಿಯಲ್ಲಿ ಅವನ ಹೊಲ ಕೈಕೊಟ್ಟಿತು. ಇಳಿಜಾರಿನ ಮೇಲ್ಗಡೆ ಗೆಡ್ಡೆ, ಕೆಳಗಡೆ ಕೊಳೆತ ವಾಸನೆ. ಸಣ್ಣಕ್ಕನ ಕೈ ಕೆಟ್ಟಿತೆಂದು ಮರುವರ್ಷ ಅವನು ಕೊಣನೂರಿನಿಂದ ಬಸವಲಿಂಗಮ್ಮನನ್ನು ಕರೆಸಿದ. ಆಕೆಯ ಕೈಗುಣಕ್ಕೂ ಹೆಸರಿತ್ತು. ಅಷ್ಟು ದೊಡ್ಡ ಹೊಲದವನೇ ಬಿಟ್ಟರೆ ಉಳಿದವರೂ ಬಿಡುವವರೇ. ಹಾಗಾದರೆ ಸಣ್ಣಕ್ಕ ವರ್ಷವಿಡೀ ಬರಿಯ ಕೂಲಿಯವಳೇ. ನೆಡುವ ದಿನ ಕರೆಯದಿದ್ದರೂ ಅವಳು ಹೊಲಕ್ಕೆ ಬಂದು ನಿಂತಳು.

"ಗೌಡ್ರೇ, ಹೊಲವ ಉದ್ದಕ್ಕೆ ಸೀಳಿ. ಅರ್ಧಕ್ಕೆ ಆಯವ್ವ ಕೈಯಿಕ್ಲಿ, ಅರ್ಧಕ್ಕೆ ನಾನು. ಕಿತ್ತಾಗ ನೋಡನ. ನನ್ ಪಾಲು ಸೋತ್ರೆ ಇನ್ಯಾರ ಹೊಲ್ದಲ್ಲೂ ಮೊದ್ಲ ಹೋಳು ಮುಟ್ಟಕಿಲ್ಲ."

ಬಸವಲಿಂಗಮ್ಮ ನಕ್ಕಳು. "ನಾನ್ ಸೋತ್ರೆ ಕೊಣನೂರ್ಗೆ ನಡ್ಕೊಂಡೇ ಓಯ್ತೀನಿ ಕಣವ್ವ, ಬಸ್ಸೇ ಬ್ಯಾಡ!"

ಆ ವರ್ಷದ ಮಳೆಗೆ ಮೀನುಗಳು ನಮ್ಮ ಜಗಲಿಗೆ ಬಂದು ಕೆರೆಯ ದಾರಿ ಕೇಳುತ್ತಿದ್ದವು.

ಕೀಳುವ ದಿನ ಊರೆಲ್ಲ ಹೊಲದ ಕೆಳಗಿನ ಬದುವಿನ ಮೇಲೆ ನಿಂತಿತ್ತು. ಇಬ್ಬರ ಪಾಲಿನಲ್ಲೂ ಮೇಲ್ಗಡೆ ತೆಂಗಿನಕಾಯಿಯಂಥ ಗೆಡ್ಡೆ. ಇಳಿಯುತ್ತ ಬಂದಂತೆ ನಿಂಬೆ, ನೆಲ್ಲಿ, ಕೊನೆಗೆ ಬದುವಿನ ಬುಡದಲ್ಲಿ ನಿಂತ ನೀರು, ನಾರುವ ಕೆಸರು. ಇಬ್ಬರೂ ಒಂದೇ ಸಮ ಸೋತಿದ್ದರು. ಯಾರನ್ನು ಬೈಯುವುದೆಂದು ಕೆಂಪಣ್ಣನಿಗೆ ತೋಚಲಿಲ್ಲ.

ಸಣ್ಣಕ್ಕ ಕೆಸರು ತುಳಿಯುತ್ತ ನಮ್ಮ ಕಾಲ ಬಳಿಗೇ ಬಂದಳು. "ಈ ಬದ ಯಾಕ್ ಗೌಡ್ರೇ ಸೊಂಟದ ಮಟ್ಟ ಏರ್ಸಿದ್ದೀರಿ?"

"ಗೊಬ್ರ ಹಾಕೋನು ನಾನು! ಮಳೆನೀರಲ್ಲಿ ಕೊಚ್ಕೊಂಡೋಗಿ ಕೆಳ್ಗಡೆ ಹುಚ್ಚಯ್ಯನ ಹೊಲ ಕೊಬ್ಬಾದಾ? ಅದ್ಕೇ ಹೋದೊರ್ಸ ಕಟ್ಟಿಸ್ದೆ."

"ಹೊಲವ ಕೆರೆ ಮಾಡ್ಬುಟ್ಟು ಕೈಗುಣ ಅಂತೀರಲ್ಲ! ಹೋಳಿಗೆ ಕಣ್ಣಿದ್ರೆ ಸಾಕಾ, ಈಜೂ ಬರ್ಬೇಕಾ?"

ಬದುವಿನ ಮೇಲಿದ್ದವರು ನಕ್ಕ ರಭಸಕ್ಕೇ ಅದು ಅರ್ಧ ಕುಸಿಯಿತು. ಉಳಿದರ್ಧಕ್ಕೆ ಬಸವಲಿಂಗಮ್ಮ ಸೆರಗು ಸಿಕ್ಕಿಸಿ ಗುದ್ದಲಿ ಎತ್ತಿದಳು. "ಬಾರವ್ವ, ಇಬ್ರೂ ಒಡ್ದಾಕನ."

ನೀರು ನುಗ್ಗಿತು. "ನನ್ ಗೊಬ್ರಾ!" ಎಂದು ಕೆಂಪಣ್ಣ ಟವಲ್ಲು ಹಿಡಿದು ಹಿಂದೆಯೇ ಓಡಿದ. ಕೆಳಗಡೆ ಹುಚ್ಚಯ್ಯ ಕೈಮುಗಿದು, "ಬಾ ತಾಯಿ, ಬಾ" ಎನ್ನುತ್ತ ಎದುರುಗೊಳ್ಳುತ್ತಿದ್ದ.

ಮುಂದಿನ ವರ್ಷ ನೆಡುವ ಕಾಲಕ್ಕೆ ಕೆಂಪಣ್ಣನೇ ಸಣ್ಣಕ್ಕನ ಬಾಗಿಲಿಗೆ ಬಂದ.

"ನಾಳೀಕೆ ಬತ್ತೀಯಾ, ಸಣ್ಣಕ್ಕ?"

"ಮೊದ್ಲು ನಿಮ್ ಬದ ನೋಡ್ಕಬತ್ತೀನಿ, ಆಮ್ಯಾಕೆ ಯೋಳ್ತೀನಿ" ಎಂದು ಅವಳು ಅವನಿಗಿಂತ ಮುಂದೆ ನಡೆದಳು.