ಎರಡನೇ ಸೂಜಿಯವರೆಗೆ

ಪಲ್ಲಾವರಂ ಸಂತೆಯಿಂದ ಅಮ್ಮ ಸೊಪ್ಪಿನ ಚೀಲದಲ್ಲಿ ಒಂದು ಬೆಕ್ಕಿನ ಮರಿಯನ್ನು ತಂದಳು. ಮಡಿ ಮೈಲಿಗೆ ಎಂದು ನನ್ನನ್ನೇ ಅಡುಗೆಮನೆಯಿಂದ ಆಚೆ ನಿಲ್ಲಿಸುತ್ತಿದ್ದ ಅಮ್ಮ. ಮರಿ ಗಿಡ ಮಾರುವವರ ಕುಂಡಗಳ ನಡುವೆ ಒಂಟಿಯಾಗಿ ಅರಚುತ್ತಿತ್ತಂತೆ.

ಪ್ರಾಣಿಗಳ ಡಾಕ್ಟರು ಮೊದಲ ಸೂಜಿ ಹಾಕಿ, ಇಷ್ಟಕ್ಕೇ ನಿಶ್ಚಿಂತೆಯಿಂದ ಇರಬೇಡಿ ಎಂದರು. ತಾಯಿಯ ಹಾಲಿನಿಂದ ಬಂದ ರಕ್ಷಣೆ ಇಳಿಯುತ್ತಾ ಹೋಗುತ್ತದೆ. ಅದು ಪೂರ್ತಿ ಇಳಿಯುವವರೆಗೆ ಲಸಿಕೆಯೂ ಸರಿಯಾಗಿ ಹಿಡಿಯುವುದಿಲ್ಲ. ಅದಕ್ಕೇ ಮರಿಗೆ ನಾಲ್ಕು ತಿಂಗಳಾಗುವವರೆಗೆ ಮೂರು ನಾಲ್ಕು ವಾರಕ್ಕೊಮ್ಮೆ ಹಾಕಿಸಬೇಕು. ನಡುವಿನ ದಿನಗಳೇ ಕಷ್ಟದವು ಎಂದರು.

ಆ ನಡುವಿನಲ್ಲೇ ಮಹಡಿ ಮನೆಯವಳ ಬೆಕ್ಕು ವಾಂತಿ ಮಾಡಿ ಮಾಡಿ ಸತ್ತಿತು. ಬೀದಿಗೇ ಇಳಿಯದ ಬೆಕ್ಕಿಗೆ ಲಸಿಕೆ ಏಕೆಂದು ಅವಳು ಹಾಕಿಸಿರಲಿಲ್ಲ. ನಾನು ಡಾಕ್ಟರಿಗೆ ಫೋನ್ ಮಾಡಿದೆ. ಆ ರೋಗ ಚಪ್ಪಲಿಗೆ, ಬಟ್ಟೆಗೆ, ಕೈಗೆ ಅಂಟಿಕೊಂಡೂ ಬರುತ್ತದೆ, ಬರೀ ನೀರಿಗೆ ಸಾಯುವುದಿಲ್ಲ, ಬ್ಲೀಚಿಂಗ್ ಪೌಡರಿನ ನೀರಿನಲ್ಲಿ ನೆಲ ಒರೆಸಿ ಎಂದರು. ಎರಡನೇ ಸೂಜಿಯನ್ನು ಈಗಲೇ ಹಾಕಿ ಎಂದು ಕೇಳಿಕೊಂಡೆ. ಅಷ್ಟು ಬೇಗ ಹಾಕಿದರೆ ಪ್ರಯೋಜನವಿಲ್ಲ, ಅದರ ದಿನ ಬರಲಿ ಎಂದರು.

ಅಮ್ಮ ಮರಿಯನ್ನು ತನ್ನ ಕೋಣೆಗೆ ಸೇರಿಸಿ ಬಾಗಿಲು ಹಾಕಿದಳು. ಹೊರಗಿನಿಂದ ಬಂದವರು ಕೈಕಾಲು ತೊಳೆದು, ಬಟ್ಟೆ ಬದಲಾಯಿಸಿಯೇ ಒಳಗೆ ಹೋಗಬೇಕು.

"ನನ್ನ ಮಡಿ ನೋಡಿ ನಗ್ತಿದ್ದೆಯಲ್ಲೇ," ಎಂದಳು. "ಈಗ ಬೆಕ್ಕಿಗೆ ಅನ್ನ ಹಾಕೋಕೆ ಸೀರೆ ಬದಲಾಯಿಸ್ತಿದ್ದೀಯ."

ಎರಡನೇ ಸೂಜಿಗೆ ಇನ್ನೂ ಕೆಲವು ದಿನವಿತ್ತು. ಒಂದು ಬೆಳಿಗ್ಗೆ ಅಮ್ಮ ಏಳಲಿಲ್ಲ.

ಅವಳನ್ನು ಹಜಾರದಲ್ಲಿ ಮಲಗಿಸಿದೆವು. ಮರಿ ಮುಚ್ಚಿದ ಕೋಣೆಯಲ್ಲಿ ಅವಳ ಮಂಚದ ಕೆಳಗೆ ಇತ್ತು. ಜನ ಬರುತ್ತಲೇ ಇದ್ದರು. ಅಮ್ಮನ ಮುಖ ನೋಡಬೇಕಾದ ನಾನು ಬಂದವರ ಕಾಲುಗಳನ್ನೇ ನೋಡುತ್ತಿದ್ದೆ. ಸಾವಿನ ಮನೆಯಿಂದ ಹೋದಮೇಲೆ ಎಲ್ಲರೂ ಸ್ನಾನ ಮಾಡುತ್ತಾರೆ. ಒಳಗೆ ಬರುವಾಗ ಕಾಲು ತೊಳೆಯಿರಿ ಎಂದು ಯಾರಿಗೆ ಹೇಳಲಿ? ಅಣ್ಣಾ ನಗರ್‌ನಿಂದ ಬಂದ ಚಿಕ್ಕಮ್ಮ ಅಮ್ಮನಿಗೆ ಹೊದಿಸಲು ಅವಳ ರೇಷ್ಮೆ ಸೀರೆಗೆಂದು ಕೋಣೆಯ ಕಡೆ ನಡೆದರು. ನಾನು ಬಾಗಿಲಿಗೆ ಅಡ್ಡ ನಿಂತೆ. ದುಃಖಕ್ಕೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು, ಹಿಂದಕ್ಕೆ ಸರಿದರು. ಸೀರೆಯನ್ನು ನಾನೇ ತಂದೆ.

ಮಹಡಿ ಮನೆಯವಳು ಮಾತ್ರ ಬರಲಿಲ್ಲ. ದಿನವೂ ಅಮ್ಮನ ಕೈಯ ಕಾಫಿ ಕುಡಿದವಳು ಮುಖ ನೋಡಲೂ ಇಳಿಯಲಿಲ್ಲವಲ್ಲ ಎಂದು ಯಾರೋ ಆಡಿಕೊಂಡರು. ನಾನು ಮೆಟ್ಟಿಲ ಬಳಿ ಹೋದೆ. ಅವಳು ಮೇಲಿನ ಮೆಟ್ಟಿಲ ಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತಿದ್ದಳು.

"ನಾನು ಬರಲ್ಲ ಅಕ್ಕಾ," ಎಂದು ತಮಿಳಿನಲ್ಲಿ ಹೇಳಿದಳು. "ಮರಿಗೆ ಎರಡನೇ ಊಸಿ ಆಗೋವರೆಗೆ ಹೊಸಿಲು ದಾಟಬೇಡ ಅಂತ ಅಮ್ಮ ಹೇಳಿದ್ದರು."

ಅಮ್ಮನನ್ನು ಎತ್ತಿಕೊಂಡು ಹೋಗುವಾಗ ಅವಳು ಅಲ್ಲಿಂದಲೇ ಕೈ ಮುಗಿದಳು.

ಸೂಜಿಯ ದಿನ ಬಂತು. ಸೂತಕ ಕಳೆಯುವವರೆಗೆ ಎಲ್ಲಿಗೂ ಹೋಗಬಾರದು ಎಂದರು ಚಿಕ್ಕಮ್ಮ. ನಾನು ಹೋದೆ. ಮರಿಗೆ ಜ್ವರವಿದ್ದರೆ ಲಸಿಕೆ ಹಾಕುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಅವರು ಥರ್ಮಾಮೀಟರ್ ನೋಡುವಷ್ಟು ಹೊತ್ತು ನಾನು ಮೇಜಿನ ಅಂಚನ್ನು ಹಿಡಿದು ನಿಂತಿದ್ದೆ. ಜ್ವರವಿರಲಿಲ್ಲ. ಸೂಜಿ ಹಾಕಿದರು. ರಕ್ಷಣೆ ಕೂಡಲೇ ಬರುವುದಿಲ್ಲ, ಇನ್ನೂ ಸ್ವಲ್ಪ ದಿನ ಜೋಪಾನ, ಮುಂದಿನ ಸೂಜಿಗಳನ್ನೂ ರೇಬೀಸ್ ಲಸಿಕೆಯನ್ನೂ ತಪ್ಪಿಸಬೇಡಿ ಎಂದರು.

ಮನೆಗೆ ಬಂದಾಗ ಮಹಡಿ ಮನೆಯವಳು ಅಂಗಳದ ನಲ್ಲಿಯಲ್ಲಿ ಕಾಲು ತೊಳೆದುಕೊಂಡು ಕಾಯುತ್ತಿದ್ದಳು. ಈಗ ಬರಬಹುದೇ ಎಂದು ಕೇಳಿದಳು.

"ಇನ್ನೂ ಸ್ವಲ್ಪ ದಿನ," ಎಂದೆ.

ಅವಳು ತಲೆಯಾಡಿಸಿ ಹೊಸಿಲಿನ ಆಚೆ ಕೂತಳು. ಮರಿಯನ್ನು ಅಮ್ಮನ ಕೋಣೆಗೆ ಬಿಟ್ಟು, ಬಾಗಿಲು ಹಾಕಿ, ಎರಡು ಲೋಟ ಕಾಫಿ ತಂದೆ. ಅವಳದನ್ನು ಹೊಸಿಲ ಮೇಲಿಟ್ಟು ಈಚೆ ಕೂತೆ.